ನಮ್ಮ ಕೋಸಂಬರಿ

ಬಿ.ದುರ್ಗ ಸೀಮೆಯ ಬೇಸಿಗೆಯಲ್ಲಿ ಬಿಸಿ ಸಾರು ಯಾರಿಗೆ ಬೇಕು? ನಮ್ಮ ಕೇರಿಯಲ್ಲಿ ನಾವು ನಾಟಿಕೋಳೀನ ಉಪ್ಪು, ಅರಿಶಿಣ ಹಾಕಿ ಬೇಯಿಸ್ತೀವಿ. ಆರಿದ ಮೇಲೆ ಮೂಳೆ ಬಿಡಿಸಿ, ಎಳೆಎಳೆಯಾಗಿ ಸೀಳಿ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಕಲೆಸಿ ನಿಂಬೆಹುಳಿ ಹಿಂಡ್ತೀವಿ. ಕೋಳಿ ಒಂದು, ಬಾಯಿ ಎಂಟು. ಸಾಲದ್ದನ್ನು ಈರುಳ್ಳಿ ತುಂಬಿಸುತ್ತೆ. ಬಿಸಿಲಿಗೆ ಮಾಂಸ ನಿಲ್ಲೋದಿಲ್ಲ, ಅಂಬಲಿ ಜೊತೆ ಮಧ್ಯಾಹ್ನವೇ ಮುಗಿಸಬೇಕು.

ಇದನ್ನು ಕೋಸಂಬರಿ ಅಂದ್ರೆ ನಗ್ತಾರೆ. ರಾಮನವಮಿಯ ಹೆಸರುಬೇಳೆ ಕೋಸಂಬರಿ ನಮ್ಮವ್ವಂದಿರ ಬೊಗಸೆಗೆ ಮೇಲಿನಿಂದ ಬೀಳ್ತಿತ್ತು. ಅಸ್ಪೃಶ್ಯತೆ ಅಪರಾಧವೆಂಬ ಕಾನೂನು 1955ರಲ್ಲೇ ಬಂದಿತ್ತು!

ಅಮೆರಿಕದ ದಕ್ಷಿಣದಲ್ಲೂ 1964ರ ಕಾನೂನು ಬರುವ ತನಕ ಬಿಳಿಯರ ಹೋಟೆಲುಗಳ ಬಾಗಿಲು ಕರಿಯರಿಗೆ ಮುಚ್ಚಿತ್ತು. ದೂರದ ಪಯಣಕ್ಕೆ ಅವರು ಬೂಟಿನ ಡಬ್ಬಿಯಲ್ಲಿ ಕೋಳಿ ಕಟ್ಟಿಕೊಂಡು ಹೊರಡುತ್ತಿದ್ದರು. ಅವಮಾನ ಬೆರೆಸದ ಬುತ್ತಿ ಅದು.

ನಮ್ಮದೂ ಅದೇ. ಬನ್ನಿ ಗೆಳೆಯರೇ, ಇಲ್ಲಿ ಯಾರೂ ಮೇಲಿಂದ ಸುರಿಯೋದಿಲ್ಲ. ಒಂದೇ ತಟ್ಟೆಗೆ ಕೈ ಹಾಕೋಣ.