ಮುಖದ ಬೆಳಕನ್ನು ಅಳೆಯಿರಿ

ಕಪ್ಪು ಬಿಳುಪು ಫೋಟೋಗಳ ಮೇಲೆ ನಮ್ಮ ನಗರದ ರಸಿಕರಿಗೆ ಒಂಥರಾ ಮೋಹ. ಕೇರಿಯ ಮಗು, ಕೆದರಿದ ತಲೆ, ಹರಿದ ಅಂಗಿ, ದೊಡ್ಡ ಕಣ್ಣು. ಚೌಕಟ್ಟು ಹಾಕಿ ಗೋಡೆಗೆ ನೇತುಬಿಟ್ಟು ಕೆಳಗೆ ‘ಮುಗ್ಧತೆ’ ಅಂತ ಬರೀತಾರೆ. ಮುಗ್ಧತೆ ಅನ್ನೋದು ಆ ಮಗುವಿನ ಹೆಸರೇನ್ರಪ್ಪಾ? ಅದಕ್ಕೆ ಹೆತ್ತವರು ಇಟ್ಟ ಹೆಸರೊಂದು ಇರಬೇಕಲ್ಲ?

ಈ ಚಾಳಿ ಹಳೆಯದು. 1868ರಿಂದ 1875ರ ನಡುವೆ ಬ್ರಿಟಿಷ್ ಆಡಳಿತ ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟಗಳ ಫೋಟೋ ಪುಸ್ತಕ ತಂದಿತು. ಅದರಲ್ಲಿ ಫೋಟೋಗಳ ಕೆಳಗೆ ಹೆಚ್ಚಾಗಿ ಇರುವುದು ಜಾತಿಯ ಹೆಸರು, ಬುಡಕಟ್ಟಿನ ಹೆಸರು. ಆಳುವವನಿಗೆ ಮನುಷ್ಯ ಬೇಕಿರಲಿಲ್ಲ, ಮಾದರಿ ಬೇಕಿತ್ತು. ಸಂತೆಯಲ್ಲಿ ದನದ ಹಲ್ಲು ನೋಡಿದ ಹಾಗೆ.

ಇದಕ್ಕೆ ಎದುರಾಗಿ ಒಬ್ಬ ಮೇಷ್ಟ್ರನ್ನು ನೆನೆಯುತ್ತೇನೆ. ಲೂಯಿಸ್ ಹೈನ್ ನ್ಯೂಯಾರ್ಕಿನ ಶಾಲೆಯೊಂದರ ಶಿಕ್ಷಕ. 1908ರಲ್ಲಿ ಪಾಠ ಬಿಟ್ಟು, ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ಸಮಿತಿಗಾಗಿ ಕ್ಯಾಮೆರಾ ಹೊತ್ತು ಹೊರಟ. ಗಿರಣಿ, ಗಣಿ, ಬೀದಿ ಎಲ್ಲ ಸುತ್ತಿದ. ಒಳಗೆ ಬಿಡದ ಕಡೆ ಬೈಬಲ್ ಮಾರುವವನ ಹಾಗೆ, ಯಂತ್ರದ ಫೋಟೋ ತೆಗೆಯುವವನ ಹಾಗೆ ವೇಷ ಕಟ್ಟಿ ನುಗ್ಗಿದ. ತನ್ನ ಅಂಗಿಯ ಗುಂಡಿಗಳು ನೆಲದಿಂದ ಎಷ್ಟು ಎತ್ತರ ಅಂತ ಅವನಿಗೆ ಗೊತ್ತಿತ್ತು. ಪಕ್ಕದಲ್ಲಿ ನಿಂತ ಮಗು ಯಾವ ಗುಂಡಿಗೆ ಬರುತ್ತದೆ ಅಂತ ನೋಡಿ, ಜೇಬಿನೊಳಗೇ ಗುಟ್ಟಾಗಿ ಎತ್ತರ ಬರೆದುಕೊಳ್ಳುತ್ತಿದ್ದ.

1908ರ ನವೆಂಬರಿನಲ್ಲಿ ದಕ್ಷಿಣ ಕೆರೊಲಿನಾದ ಲ್ಯಾಂಕಾಸ್ಟರ್ ಹತ್ತಿಗಿರಣಿಯಲ್ಲಿ ತೆಗೆದ ಒಂದು ಚಿತ್ರವಿದೆ. ಉದ್ದಕ್ಕೆ ಚಾಚಿಕೊಂಡ ಯಂತ್ರ, ಅದರ ಪಕ್ಕ ಪುಟ್ಟ ಹುಡುಗಿ. ಹೈನ್ ಅದಕ್ಕೆ ‘ಮುಗ್ಧತೆ’ ಅಂತ ಬರೆಯಲಿಲ್ಲ. ಹೆಸರು ಸೇಡಿ ಫೈಫರ್, ಎತ್ತರ 48 ಇಂಚು, ದುಡಿಯಲು ಬಂದು ಅರ್ಧ ವರ್ಷ ಅಂತ ಬರೆದ. ಕನಿಕರ ಬೇಡಲಿಲ್ಲ, ಸಾಕ್ಷಿ ಹೇಳಿದ. ಇಂಥ ಸಾಕ್ಷಿಗಳೂ ಹೋರಾಟವೂ ಸೇರಿ 1916ರಲ್ಲಿ ಕಾನೂನು ಬಂತು. 1918ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಗಟ್ಟಿಯಾದ ಕಾನೂನು ನಿಂತದ್ದು 1938ರಲ್ಲಿ. ಒಂದು ಫೋಟೋ ಲೋಕ ಬದಲಿಸುತ್ತೆ ಅನ್ನುವವರು ಈ ಮೂವತ್ತು ವರ್ಷದ ಲೆಕ್ಕ ನೋಡಬೇಕು.

ಆ ಗಿರಣಿಗಳಲ್ಲೂ ಒಂದು ಕೇರಿ ಇತ್ತು. ಬಿಳಿಯರೂ ಕರಿಯರೂ ಒಂದೇ ಕೋಣೆಯಲ್ಲಿ ನೂಲಬಾರದು ಅಂತ 1915ರಲ್ಲಿ ಅದೇ ದಕ್ಷಿಣ ಕೆರೊಲಿನಾ ಕಾನೂನು ಮಾಡಿತು. ಕರಿಯರ ಮಕ್ಕಳು ಹೊರಗೆ, ಹೊಲದಲ್ಲಿ. ಅವರ ಮುಖ ಕಾಣಲು ಗಾರ್ಡನ್ ಪಾರ್ಕ್ಸ್ ಥರದ ಕರಿಯನ ಕೈಗೇ ಕ್ಯಾಮೆರಾ ಬರಬೇಕಾಯಿತು. ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಕರಿಯ ಮಕ್ಕಳ ಮುಂದೆ ಬಿಳಿ ಗೊಂಬೆ, ಕಪ್ಪು ಗೊಂಬೆ ಇಟ್ಟು ಯಾವುದು ಚೆಂದ ಅಂತ ಕೇಳುತ್ತಿದ್ದರು. ಆ ಪರೀಕ್ಷೆಯನ್ನು ಪಾರ್ಕ್ಸ್ 1947ರಲ್ಲಿ ‘ಎಬೊನಿ’ ಪತ್ರಿಕೆಗಾಗಿ ಚಿತ್ರಿಸಿದ. ಬಹಳ ಮಕ್ಕಳ ಬೆರಳು ಬಿಳಿ ಗೊಂಬೆಯ ಕಡೆಗೇ ಹೋಗುತ್ತಿತ್ತು.

ಆ ಬೆರಳು ನನಗೆ ಗೊತ್ತು. ಹತ್ತನೇ ಕ್ಲಾಸಿನ ಅರ್ಜಿಗೆ ಫೋಟೋ ತೆಗೆಸಲು ಹೋದಾಗ ಸ್ಟುಡಿಯೋದವನು ಮೊದಲು ಮುಂದಿಟ್ಟದ್ದು ಪೌಡರ್ ಡಬ್ಬ. ‘ಸ್ವಲ್ಪ ಬೆಳ್ಳಗಾಗು, ಇಲ್ಲಾಂದ್ರೆ ಬರಲ್ಲ’ ಅಂದ. ಬರದೇ ಇರೋದು ಯಾಕೆ ಅಂತ ಆಮೇಲೆ ಓದಿ ತಿಳಿದೆ. ಕ್ಯಾಮೆರಾದ ಬೆಳಕಿನ ಮಾಪಕ ಎದುರಿಗಿರುವುದನ್ನೆಲ್ಲ ಸೇರಿಸಿ, ಸರಾಸರಿ ಬೂದುಬಣ್ಣ ಅಂತಲೇ ಲೆಕ್ಕ ಹಾಕುತ್ತದೆ. ಬಿದ್ದ ಬೆಳಕಿನಲ್ಲಿ ಶೇಕಡಾ 18 ತಿರುಗಿ ಬರುವ ಬೂದು ಅದು. ಸುಣ್ಣದ ಗೋಡೆ ಮುಂದೆ ಕಪ್ಪು ಮಗು ನಿಂತರೆ ಮಾಪಕ ಗೋಡೆಗೆ ಮಣೆ ಹಾಕುತ್ತದೆ, ‘ಬೆಳಕು ಜಾಸ್ತಿಯಾಯಿತು’ ಅಂತ ಕಡಿಮೆ ಮಾಡುತ್ತದೆ. ಗೋಡೆ ಉಳಿಯುತ್ತದೆ, ಮಗುವಿನ ಮುಖ ಮಸಿಯಾಗುತ್ತದೆ. ಹಲ್ಲು, ಕಣ್ಣು ಅಷ್ಟೇ ಹೊಳೆಯೋದು.

ತಪ್ಪು ಚರ್ಮದ್ದಲ್ಲ ಗೆಳೆಯರೇ, ಅಳತೆಯದು. ಮೆರಿಟ್ಟು ಮೆರಿಟ್ಟು ಅಂತ ನಮ್ಮ ಮಕ್ಕಳನ್ನು ಅಳೆಯುವ ಕೋಲೂ ಇಂಥದ್ದೇ. ಗೋಡೆಗೆ ಹೊಂದಿಸಿಟ್ಟು, ಮುಖ ಕಾಣಿಸ್ತಿಲ್ಲ ಅಂತಾರೆ.

ಪರಿಹಾರ ಬಹಳ ಸರಳ. ಹತ್ತಿರ ಹೋಗಬೇಕು. ಮಾಪಕವನ್ನು ಮುಖಕ್ಕೇ ಹಿಡಿದು ಓದಬೇಕು. ಗೋಡೆ ಬೇಕಾದರೆ ಬೆಳ್ಳಗೆ ಸುಟ್ಟುಹೋಗಲಿ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಮಗುವಿನ ಮುಖವನ್ನೇ ಬೆರಳಲ್ಲಿ ಒತ್ತಿದರೆ ಸಾಕು, ಅದು ಗೋಡೆ ಬಿಟ್ಟು ಮುಖಕ್ಕೆ ಬೆಳಕು ಹೊಂದಿಸಿಕೊಳ್ಳುತ್ತದೆ.

ನಮ್ಮ ಅವ್ವಂದಿರು ಹುಡುಗಿಯರಾಗಿದ್ದಾಗ ಹೇಗಿದ್ದರೋ ನಮಗೆ ಗೊತ್ತಿಲ್ಲ, ನಮ್ಮ ಮನೆಗಳಲ್ಲಿ ಆ ಫೋಟೋ ಇಲ್ಲ. ಅದಕ್ಕೇ ಹಳ್ಳಿಯ ಮೇಷ್ಟ್ರುಗಳಿಗೆ ನನ್ನದೊಂದು ಮಾತು: ನಿಮ್ಮ ಮಕ್ಕಳನ್ನು ಅವರು ಇರುವ ಹಾಗೇ ತೆಗೆಯಿರಿ, ಬೋರ್‌ವೆಲ್ ಹತ್ತಿರ, ಜಗುಲಿ ಮೇಲೆ, ಕುರಿಮರಿ ಜೊತೆ. ಮೊದಲು ಮಗುವನ್ನು ಕೇಳಿ, ಅದರ ಅವ್ವನನ್ನು ಕೇಳಿ. ಹಿಂಬದಿಯಲ್ಲಿ ಹೆಸರು, ಊರು, ತಾರೀಖು ಬರೆಯಿರಿ. ಒಂದು ಪ್ರತಿ ಆ ಮನೆಗೆ ಕೊಡಿ. ಪೌಡರ್ ಮಾತ್ರ ಹಚ್ಚಬೇಡಿ.