ಫ್ರಿಮಾಂಟ್ ಬೀದಿಯ ಎಂಟರ ಜೋಡಿ

ಅಮೆರಿಕದ ಲಾಸ್ ವೇಗಸ್‌ಗೆ ಹೋದವರೆಲ್ಲ ನೋಡುವುದು ದೊಡ್ಡ ಹೋಟೆಲುಗಳು ಸಾಲಾಗಿ ನಿಂತಿರುವ ‘ಸ್ಟ್ರಿಪ್’ ರಸ್ತೆಯನ್ನು. ನನಗೆ ಹಿಡಿಸಿದ್ದು ಹಳೆಯ ಪೇಟೆಯ ಫ್ರಿಮಾಂಟ್ ಬೀದಿ. 1995ರಲ್ಲಿ ಈ ಬೀದಿಗೆ ಹೊದಿಸಿದ ಕಮಾನು ಚಾವಣಿ ರಾತ್ರಿಯಾದರೆ ಬಣ್ಣದ ಪರದೆಯಾಗುತ್ತದೆ. ಜನ ಕತ್ತೆತ್ತಿಕೊಂಡೇ ನಡೆಯುತ್ತಾರೆ. ಅಲ್ಲಿಯೇ ಇದೆ ಬಿನಿಯನ್ಸ್ ಕ್ಯಾಸಿನೊ. ಬೆನ್ನಿ ಬಿನಿಯನ್ 1951ರಲ್ಲಿ ‘ಹಾರ್ಸ್‌ಶೂ’ ಎಂಬ ಹೆಸರಿನಲ್ಲಿ ನಡೆಸತೊಡಗಿದ ಈ ಜೂಜುಕಟ್ಟೆಯಲ್ಲೇ 1970ರಲ್ಲಿ ಪೋಕರ್ ಇಸ್ಪೀಟಿನ ವಿಶ್ವ ಸರಣಿ ಆರಂಭವಾಯಿತು. 2005ರ ನಂತರ ಸರಣಿ ಈ ಬೀದಿಯನ್ನು ಬಿಟ್ಟುಹೋಯಿತು.

2003ರಲ್ಲಿ ಇಲ್ಲಿ 839 ಮಂದಿ ಆಡಿದ ಮುಖ್ಯ ಪಂದ್ಯವನ್ನು ಗೆದ್ದು 25 ಲಕ್ಷ ಡಾಲರ್ ಪಡೆದವನು ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್. (ಹೆಸರು ನಿಜವಾದದ್ದೇ!) ಪ್ರವೇಶ ಶುಲ್ಕ 10,000 ಡಾಲರ್. ಅಂತರಜಾಲದ ಅರ್ಹತಾ ಪಂದ್ಯಕ್ಕೆ ನೂರು ಡಾಲರಿಗೂ ಕಡಿಮೆ ತೆತ್ತು ಈತ ಆ ಸ್ಥಾನ ಗಿಟ್ಟಿಸಿದ್ದ. ಈ ಕಥೆ ಹುಡುಗರ ತಲೆಗೆ ಏರಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಸ್ಟೆಲ್ ಫೀಸಿನ ಹಣವನ್ನೇ ಮೊಬೈಲ್ ಪೋಕರಿಗೆ ಹಾಕಿ, “ಸಾರ್, ಇದು ಜೂಜಲ್ಲ, ಗಣಿತ” ಎಂದು ವಾದಿಸಿದ್ದ. ಗಣಿತವೆಂದ ಮೇಲೆ ಲೆಕ್ಕ ಹಾಕಿಯೇ ನೋಡೋಣ.

ಈ ಆಟದಲ್ಲಿ ಪ್ರತಿಯೊಬ್ಬರಿಗೂ ಎರಡು ಮುಚ್ಚಿದ ಎಲೆ. ಆಮೇಲೆ ಎಲ್ಲರಿಗೂ ಸಲ್ಲುವ ಮೂರು ಎಲೆಗಳನ್ನು ಮೇಜಿನ ಮೇಲೆ ತೆರೆಯುತ್ತಾರೆ, ಮುಂದೆ ಇನ್ನೆರಡು. ನಿಮಗೆ ಎಂಟರ ಜೋಡಿ ಬಂದಿದೆ. ಮೂರೆಲೆ ತೆರೆಯುವ ಮೊದಲೇ ಎದುರಾಳಿ ಪಣ ಏರಿಸಿದ್ದಾನೆ. ಏನು ಮಾಡುವಿರಿ?

ನಿಮ್ಮ ಕಣ್ಣಿಗೆ ಬೀಳದ ಎಲೆ 50, ಅದರಲ್ಲಿ ಎಂಟು ಎರಡೇ. ಮೂರೆಲೆಯಲ್ಲಿ ಎಂಟು ಬಾರದಿರುವ ಸಾಧ್ಯತೆ 48/50, 47/49, 46/48 ಇವುಗಳ ಗುಣಲಬ್ಧ, ಅಂದರೆ ಶೇ 88. ಬರುವುದು ಶೇ 12 ಮಾತ್ರ. ಒಂಬತ್ತರಿಂದ ಎಕ್ಕದವರೆಗಿನ ದೊಡ್ಡ ಎಲೆ ಒಂದಾದರೂ ಬೀಳುವ ಸಾಧ್ಯತೆಯೋ ಶೇ 87! ಕೈಗೆ ಬಂದಾಗ ಚೆಂದ ಕಂಡ ಜೋಡಿ ಆಗ ಮಂಕಾಗುತ್ತದೆ.

ಹಾಗಾಗಿ ಅನುಭವಿಗಳು ಮೊದಲು ನೋಡುವುದು ಎಲೆಯನ್ನಲ್ಲ, ಚಿಪ್ಪಿನ ರಾಶಿಯನ್ನು. ಇಬ್ಬರ ಬಳಿಯೂ ಚಿಪ್ಪು ಧಾರಾಳವಾಗಿದ್ದು, ಸರಿಗಟ್ಟಬೇಕಾದ ಪಣ ಅದರ ಹದಿನೈದನೇ ಒಂದು ಭಾಗ ಮೀರದಿದ್ದರೆ ಮೂರನೇ ಎಂಟಿಗಾಗಿ ಕಾಯಬಹುದು. ಬಾರದಿದ್ದರೆ ನಷ್ಟ ಅಲ್ಪ, ಬಂದರೆ ಗಳಿಕೆ ದೊಡ್ಡದು. ಪಂದ್ಯ ಮುಂದುವರಿದಂತೆ ಕಡ್ಡಾಯ ಪಣ ಏರುತ್ತಾ ರಾಶಿ ಕರಗುತ್ತದೆ. ಆಗ ಕಾಯುವ ಆಟ ನಡೆಯದು. ಇದ್ದದ್ದನ್ನೆಲ್ಲ ಮುಂದೆ ತಳ್ಳಬೇಕು, ಇಲ್ಲವೇ ಎಲೆ ಕೆಳಗಿಡಬೇಕು. ತಳ್ಳಿದಾಗ ಎದುರಾಳಿ ಹಿಂಜರಿದರೆ ಲಾಭ. ಅವನಲ್ಲಿ ಎಕ್ಕ–ರಾಜ ಇದ್ದರೆ ನೀವು ಗೆಲ್ಲುವುದು ಅರ್ಧಕ್ಕಿಂತ ತುಸು ಹೆಚ್ಚು ಸಲ. ದೊಡ್ಡ ಜೋಡಿ ಇದ್ದರೆ ಐದಕ್ಕೆ ಒಮ್ಮೆ. ಅಂದರೆ ಲೆಕ್ಕ ತಪ್ಪದವನೂ ಸೋತು ಎದ್ದುಹೋಗಬಹುದು. ಹಾಸ್ಟೆಲ್ ಫೀಸು ಇಟ್ಟವನಿಗೆ ಹಾಗೆ ಎದ್ದುಹೋಗುವುದು ಸುಲಭವಲ್ಲ.

ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಲೆಕ್ಕ ಪರೀಕ್ಷಿಸಲು ಹಣವೇನೂ ಬೇಡ. ಎರಡು ಎಂಟು ತೆಗೆದಿಟ್ಟು, ಉಳಿದ 50 ಎಲೆ ಕಲೆಸಿ, ಮೂರು ತೆರೆಯಿರಿ. ಹೀಗೆ ನೂರು ಸಲ. ಮನೆಯಲ್ಲಿ ಮಗಳು ಎಲೆ ಕಲೆಸಿದಳು, ನಾನು ಗೀಟು ಹಾಕುತ್ತಾ ಕುಳಿತೆ. ಒಟ್ಟು 11 ಸಲ ಎಂಟು ಬಂತು. ಮೊದಲ 23 ಸಲ ಒಂದೂ ಬರಲಿಲ್ಲ.