ದೆವ್ವಕ್ಕೆ ಸರದಿಯೇ ಸಿಗಲಿಲ್ಲ

‘ದಿ ಎಕ್ಸಾರ್ಸಿಸ್ಟ್: ಬಿಲೀವರ್’ (2023) ಅಂತೂ ನೋಡಿ ಮುಗಿಸಿದೆ. ಮೂರು ಚಿತ್ರಗಳ ಹಕ್ಕಿಗೇ ಸುಮಾರು 40 ಕೋಟಿ ಡಾಲರ್ ಸುರಿದರು ಅಂತ ಸುದ್ದಿಯಾಗಿತ್ತಲ್ಲ, ಅದೇ. ತರೀಕೆರೆಯಲ್ಲಿ ರಾತ್ರಿ ಕರೆಂಟ್ ಹೋದಾಗ ಆಗುವಷ್ಟು ಹೆದರಿಕೆಯೂ ಆಗಲಿಲ್ಲ ಮಾರಾಯ್ರೆ.

ಕಾಡಿಗೆ ಹೋದ ಇಬ್ಬರು ಹುಡುಗಿಯರು ಕಾಣೆಯಾಗಿ ಮೂರು ದಿನದ ಮೇಲೆ ಸಿಗುತ್ತಾರೆ. ಅಲ್ಲೀತನಕ ಪರವಾಗಿಲ್ಲ. ಆಮೇಲೆ ದೆವ್ವ ಬಿಡಿಸೋಕೆ ಪಾದ್ರಿ, ಪಾಸ್ಟರ್, ನಾಟಿ ಮದ್ದಿನಾಕೆ, ಪಕ್ಕದ ಮನೆ ನರ್ಸು, ಎಲ್ಲರೂ ಒಂದೇ ಕೋಣೆಗೆ ನುಗ್ಗಿ ಗದ್ದಲವೋ ಗದ್ದಲ. 1973ರ ಮೂಲ ‘ಎಕ್ಸಾರ್ಸಿಸ್ಟ್’ನಲ್ಲಿ ತಾಯಿಯಾಗಿದ್ದ ಎಲೆನ್ ಬರ್ಸ್ಟಿನ್ ಅವರನ್ನು ಕರೆತಂದು, ಕಣ್ಣಿಗೆ ಶಿಲುಬೆ ಚುಚ್ಚಿಸಿ ಆಸ್ಪತ್ರೆಯಲ್ಲಿ ಮಲಗಿಸಿದರು. ಇದಕ್ಕಾ ಅಷ್ಟು ದೂರದಿಂದ ಕರೆಸಿದ್ದು?

ಮೈಮೇಲೆ ಬರೋದು ಅಂದ್ರೆ ಏನು ಅಂತ ನಮ್ಮ ಕಡೂರು, ಅಜ್ಜಂಪುರದ ಕಡೆಯವರಿಗೆ ಹೇಳಿಕೊಡಬೇಕಾ? ಅಮ್ಮ ಮೈಮೇಲೆ ಬಂದರೆ, ಕೊಳವೆಬಾವಿಯಲ್ಲಿ ನೀರು ಬೀಳುತ್ತಾ ಅಂತ ಕೈಮುಗಿದು ಕೇಳೋ ಜನ ನಾವು.

ಹೆದರಲೇಬೇಕು ಅಂದ್ರೆ 1979ರ ‘ನಾ ನಿನ್ನ ಬಿಡಲಾರೆ’ ಹಾಕಿಕೊಳ್ಳಿ. ಹೆಣ್ಣು ದೆವ್ವ ಹೊಕ್ಕ ಅನಂತನಾಗ್ ಅವರ ಕಣ್ಣು ನೋಡಿ, ಸಾಕು. ಗ್ರಾಫಿಕ್ಸ್ ಗೀಫಿಕ್ಸ್ ಏನೂ ಇಲ್ಲ.

ಅಂದಹಾಗೆ, ‘ಬಿಲೀವರ್’ನ ಮುಂದಿನ ಭಾಗ ಕೈಬಿಟ್ಟು ಬೇರೆ ನಿರ್ದೇಶಕರಿಗೆ ಹೊಸ ಚಿತ್ರ ಒಪ್ಪಿಸಿದ್ದಾರೆ.